ಆನೆಯನ್ನು ಚೆಂಡಿನೊಳಗೆ ಹಾಕಬಹುದೇ?

ಕಳೆದ ಕಾರ್ತೀಕದಲ್ಲಿ ನಾಲ್ಕು ದಿನಗಳ ಮಟ್ಟಿಗೆ ತಿಗನಾರೆಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ತಾಳವಾಡಿಯ ಬೆಟ್ಟಸೀಮೆಯನ್ನು ಬಲ್ಲ ವಾಚಕರಿಗೆ ಆ ಕಾಲದಲ್ಲಿ ಅಲ್ಲಿನ ಹೊಲಗಳು ಹೇಗಿರುತ್ತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಗಿಯ ತೆನೆ ಬಲಿತು ಬಾಗಿರುತ್ತದೆ. ಮುಸುಕಿನ ಜೋಳ ಮುರಿಯುವ ಹದಕ್ಕೆ ಬಂದಿರುತ್ತದೆ. ಬಾಳೆಯೂ ಕಬ್ಬೂ ತುಂಬಿ ನಿಂತಿರುತ್ತವೆ. ರೈತನ ಕಣ್ಣಿಗೆ ಹಬ್ಬವಾದ ಈ ಹೊತ್ತಿನಲ್ಲಿಯೇ ಕಾಡಿನಿಂದ ಆನೆ ಇಳಿಯುತ್ತದೆ. ಆದುದರಿಂದ ಸಂಜೆ ಊಟವಾಗುತ್ತಲೇ ಗಂಡಸರು ಕಂಬಳಿ, ಟಾರ್ಚು, ಪಟಾಕಿಗಳನ್ನು ಹಿಡಿದು ಹೊಲದ ಅಟ್ಟಣೆಗೆ ಹೊರಡುತ್ತಾರೆ. ಮನೆಯಲ್ಲಿ ಉಳಿಯುವವರು ಹೆಂಗಸರು, ಮಕ್ಕಳು ಮತ್ತು ನನ್ನಂತಹ ಮುದುಕರು.

ಮೊದಲ ದಿನ ರಾತ್ರಿ ತಂಗಿಯ ಮಗ ಹೊಲಕ್ಕೆ ಹೊರಟು ನಿಂತಿದ್ದ. ಅವನ ಮಗ, ಐದನೆಯ ತರಗತಿಯಲ್ಲಿ ಓದುತ್ತಿರುವ ಹುಡುಗ, ಅಪ್ಪನನ್ನು ನೋಡಿ ನನ್ನತ್ತ ತಿರುಗಿ ಕೇಳಿದ:

"ತಾತ, ಆನೆಯನ್ನ ಆ ಚೆಂಡೊಳಕ್ಕೆ ಹಾಕ್ಕಂಡುಬುಟ್ರೆ ಅಪ್ಪ ಮನೇಲೇ ಮಲಗಬಹುದಲ್ವಾ?"

ಯಾವ ಚೆಂಡು ಎಂದು ನಾನು ಕೇಳಿದೆ. ನನ್ನ ಅಜ್ಞಾನವನ್ನು ಕಂಡು ಅವನಿಗೆ ಕನಿಕರವಾಯಿತೆಂದು ತೋರುತ್ತದೆ. ಮುಂದಿನ ಒಂದು ಗಂಟೆಯ ಕಾಲ ಅವನು ನನಗೂ ಅವನ ಅಜ್ಜಿಗೂ ಪೋಕೆಮಾನ್ ಪುರಾಣವನ್ನು ಹೇಳಿದ. ದೀಪಾವಳಿಗೆಂದು ಬೆಂಗಳೂರಿನಿಂದ ಬಂದಿದ್ದ ಅವನ ಸೋದರಮಾವ ತನ್ನ ಲ್ಯಾಪ್‌ಟಾಪಿನಲ್ಲಿ ಅದರ ಒಂದು ಚಲನಚಿತ್ರವನ್ನು ತೋರಿಸಿ ಹೋಗಿದ್ದನಂತೆ. ಮಾರನೆಯ ದಿನ ಸೊಸೆಯ ಮೊಬೈಲಿನಲ್ಲಿ ಆ ಚಿತ್ರವನ್ನು ಹುಡುಗನ ಪಕ್ಕದಲ್ಲಿಯೇ ಕುಳಿತು ನಾನೂ ನೋಡಿದೆ. ಈ ತಿಂಗಳ ಅಂಕಣ ಅದರ ಫಲ.

ಪೋಕೆಮಾನ್ ಎಂದರೆ 'ಪಾಕೆಟ್ ಮಾನ್‌ಸ್ಟರ್' ಎಂಬುದರ ಸಂಕ್ಷೇಪ. ನಮ್ಮ ಮಾತಿನಲ್ಲಿ ಜೇಬಿನ ಭೂತ ಎನ್ನಬಹುದು. ಇದರ ಮೂಲಪುರುಷ ಸತೋಶಿ ತಾಜಿರಿ, 1965ರಲ್ಲಿ ಹುಟ್ಟಿದವರು. ಟೋಕಿಯೋ ನಗರದ ಅಂಚಿನ ಮಾಚಿದಾ ಎಂಬಲ್ಲಿ ಬೆಳೆದ ಅವರಿಗೆ ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಸಾಕುವ ಗೀಳು. ಅವರ ಕಣ್ಣೆದುರಿನಲ್ಲಿಯೇ ಅಲ್ಲಿನ ಗದ್ದೆ, ಕೊಳ, ತೋಪುಗಳೆಲ್ಲ ಕಟ್ಟಡಗಳಾದುವು, ಹುಳುಗಳು ಮಾಯವಾದುವು. ತಾನು ಅನುಭವಿಸಿದ ಆ ಸುಖವನ್ನು ನಗರದ ಮಕ್ಕಳಿಗೆ ಹೇಗಾದರೂ ದೊರಕಿಸಬೇಕೆಂದು ಅವರು ರೂಪಿಸಿದ ಆಟವು 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಹೊರಬಂದಿತು. ಅಂಗೈಯಲ್ಲಿ ಹಿಡಿಯಬಹುದಾದ ಒಂದು ಯಂತ್ರದ ಮೇಲೆ ಆಡುವ ಆಟ ಅದು. ಅದರಲ್ಲಿ ಆಡುವವನು ಊರೂರು ಅಲೆದು, ಕಾಡುಮೇಡುಗಳಲ್ಲಿರುವ ವಿಚಿತ್ರ ಪ್ರಾಣಿಗಳನ್ನು ಒಂದು ಚೆಂಡಿನೊಳಗೆ ಸೆರೆಹಿಡಿದು, ಪಳಗಿಸಿ, ಇನ್ನೊಬ್ಬರ ಪ್ರಾಣಿಗಳೊಡನೆ ಕಾದಾಡಿಸಬೇಕು. ಮೊದಲಿಗೆ 151 ಇದ್ದ ಆ ಪ್ರಾಣಿಗಳ ಸಂಖ್ಯೆ ಈಗ ಸಾವಿರವನ್ನು ಮೀರಿದೆ. 1997ರ ಏಪ್ರಿಲ್‌ನಲ್ಲಿ ದೂರದರ್ಶನದ ಧಾರಾವಾಹಿಯೂ, 1998ರ ಜುಲೈಯಲ್ಲಿ ಮೊದಲ ಚಲನಚಿತ್ರವೂ ಬಂದುವು. ಧಾರಾವಾಹಿಯ ಬಾಲನಾಯಕನಿಗೆ ತಾಜಿರಿಯವರ ಹೆಸರನ್ನೇ ಇಟ್ಟು ಸತೋಶಿ ಎಂದು ಕರೆದರು. ಇಂಗ್ಲಿಷಿನಲ್ಲಿ ಅವನು ಆಶ್ ಆದನು. ಅವನ ಹೆಗಲ ಮೇಲೆ ಕೂರುವ ಹಳದಿ ಬಣ್ಣದ ಪಿಕಾಚುವನ್ನು ಅರಿಯದ ಮಗು ಇಂದು ಭೂಮಂಡಲದಲ್ಲಿ ವಿರಳ.

ಇದನ್ನು ಕೇಳಿದಾಗ ನನಗೆ ನೆನಪಾದುದು ನಮ್ಮ ಬಾಲ್ಯದ ಜೀರ್ಜಿಂಬೆ. ಮಳೆಗಾಲದಲ್ಲಿ ಪೊದೆಗಳ ಮೇಲೆ ಹಸಿರು ಚಿನ್ನದಂತೆ ಹೊಳೆಯುತ್ತಿದ್ದ ಆ ಹುಳುವನ್ನು ಹಿಡಿದು, ಬೆಂಕಿಪೊಟ್ಟಣದೊಳಗೆ ಎಲೆಯ ಚೂರಿನೊಡನೆ ಮುಚ್ಚಿಟ್ಟು, ಅದನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆವು. ಪಾಠದ ನಡುವೆ ಪೊಟ್ಟಣದೊಳಗಿಂದ ಕೆರೆಯುವ ಸದ್ದು ಕೇಳಿದರೆ ಅದೊಂದು ಸಾಮ್ರಾಜ್ಯ ನಮ್ಮ ವಶದಲ್ಲಿದ್ದಂತೆ! ಅದು ಬದುಕಿರುತ್ತಿದ್ದುದು ಎರಡೋ ಮೂರೋ ದಿನ. ಸತ್ತ ಮೇಲೆ ಇನ್ನೊಂದನ್ನು ಹುಡುಕಿ ಹೊರಡುತ್ತಿದ್ದೆವು. ಹಿಡಿಯುವ ಆಸೆ ಮಕ್ಕಳಲ್ಲಿ ಸಹಜವಾದುದು. ಜಪಾನಿನ ಮಕ್ಕಳಿಗೂ ನಮ್ಮ ಮಕ್ಕಳಿಗೂ ಇದರಲ್ಲಿ ಭೇದವಿಲ್ಲ.

ಆದರೆ ಹುಡುಗನ ಪ್ರಶ್ನೆ ಹುಳುವಿನದಲ್ಲ, ಆನೆಯದು. ತಿಗನಾರೆಯ ಮಗುವಿಗೆ ಅದು ಕಲ್ಪನೆಯ ಪ್ರಶ್ನೆಯೂ ಅಲ್ಲ. ತಾಳವಾಡಿ ಸೀಮೆಯಲ್ಲಿ ಇಬ್ಬರು ರೈತರನ್ನು ಬಲಿ ತೆಗೆದುಕೊಂಡು, ಬೆಳೆಗಳನ್ನು ಧ್ವಂಸ ಮಾಡುತ್ತಿದ್ದ ಕರುಪ್ಪನ್ ಎಂಬ ಒಂಟಿಸಲಗವನ್ನು ಅರಣ್ಯ ಇಲಾಖೆಯವರು ಹಲವು ವಿಫಲ ಪ್ರಯತ್ನಗಳ ಅನಂತರ 2023ರ ಏಪ್ರಿಲ್‌ನಲ್ಲಿ ಅರಿವಳಿಕೆಯ ಸೂಜಿ ಹೊಡೆದು ಹಿಡಿದರು. ಲಾರಿಗೇರಿಸಿ ಬರಗೂರು ಬೆಟ್ಟದ ಕಾಡಿಗೆ ಸಾಗಿಸಿದರು. ಆ ದಿನಗಳಲ್ಲಿ ಈ ಹುಡುಗ ಇನ್ನೂ ಚಿಕ್ಕವನು. ಆದರೂ ಕುಮ್ಕಿ ಆನೆಗಳು ಬಂದುದು, ಜನ ಗುಂಪುಗೂಡಿದುದು, ಆನೆ ತಪ್ಪಿಸಿಕೊಂಡಿತೆಂಬ ಸುದ್ದಿ ಬಂದಾಗ ಅಜ್ಜಿ ಬಾಗಿಲಿಗೆ ಅಗುಳಿ ಹಾಕಿದುದು, ಎಲ್ಲವೂ ಅವನಿಗೆ ನೆನಪಿದೆ. ಚೆಂಡಿನೊಳಗೆ ಹಾಕಬಹುದಲ್ಲವೇ ಎಂದು ಅವನು ಕೇಳಿದುದರಲ್ಲಿ ಆಶ್ಚರ್ಯವೇನು?

ನಿಜವಾಗಿ ನೋಡಿದರೆ ನಮ್ಮ ಹಿರಿಯರು ಆನೆಯನ್ನು ಚೆಂಡಿನೊಳಗೆ ಹಾಕಿಯೇ ಇದ್ದರು. ತಿಗನಾರೆಯಿಂದ ಬಹುದೂರವಲ್ಲದ ಚಾಮರಾಜನಗರದ ಕಡೆಯಲ್ಲಿಯೇ 1874ರಲ್ಲಿ ಸ್ಯಾಂಡರ್‌ಸನ್ ಎಂಬ ಆಂಗ್ಲ ಅಧಿಕಾರಿಯು ಮೈಸೂರು ಸಂಸ್ಥಾನದ ಪರವಾಗಿ ಖೆಡ್ಡಾ ಏರ್ಪಡಿಸಿ, ಒಂದೇ ಸಲಕ್ಕೆ ಐವತ್ತಕ್ಕೂ ಮಿಕ್ಕ ಆನೆಗಳನ್ನು ಹಿಡಿದನು. ಅನಂತರ ಕಬಿನಿಯ ತೀರದ ಕಾಕನಕೋಟೆ ಖೆಡ್ಡಾಗಳಿಗೆ ಹೆಸರಾಯಿತು. ಅಲ್ಲಿ ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಕಾಡಾನೆಯನ್ನು ಸುತ್ತುವರಿದು ಓಡಿಸಿ, ಕಟ್ಟಿ, ಹಸಿವಿನಿಂದಲೂ ಅಂಕುಶದಿಂದಲೂ ಪಳಗಿಸಿ, ಕೊನೆಗೆ ಅದೇ ಆನೆಯಿಂದ ಅದರ ಬಂಧುಗಳನ್ನು ಹಿಡಿಸುವುದು, ಇದು ಈ ವಿದ್ಯೆಯ ಸಾರ. ಪೋಕೆಮಾನ್ ಆಟದ ನಿಯಮವೂ ಇದಕ್ಕಿಂತ ಬಹಳ ಬೇರೆಯಲ್ಲ.

ಬೇರೆಯಾದುದು ಒಂದೇ. ಆಟದಲ್ಲಿ ಸೋತ ಪ್ರಾಣಿ ಮೂರ್ಛೆ ಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಂಡು ಏಳುತ್ತದೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಯಾದ ಅರ್ಜುನನೆಂಬ ಆನೆಯನ್ನು ನಾವೆಲ್ಲ ಬಲ್ಲೆವು. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ವರ್ಷ ಚಿನ್ನದ ಅಂಬಾರಿಯನ್ನು ಹೊತ್ತವನು ಅವನು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಯ ವೇಳೆ ಒಂದು ಸಲಗದೊಡನೆ ಕಾದಾಡಿ ಸತ್ತನು. ಅವನು ಏಳಲಿಲ್ಲ. ಕರುಪ್ಪನನ್ನು ಓಡಿಸಲೆಂದು ತಾಳವಾಡಿಗೆ ಕರೆತಂದ ಕುಮ್ಕಿಗಳಲ್ಲಿ ಒಂದಾದ ಚಿನ್ನತಂಬಿಯ ಕಥೆಯೂ ಇಂತಹುದೇ. 2019ರ ಜನವರಿಯಲ್ಲಿ ಕೊಯಮತ್ತೂರಿನ ಹೊರವಲಯದಲ್ಲಿ ಬೆಳೆ ತಿನ್ನುತ್ತಿದ್ದ ಕಾಡಾನೆ ಅದು. ಅದನ್ನು ಹಿಡಿದು ಆನೆಮಲೆಯ ಕಾಡಿಗೆ ಬಿಟ್ಟರು. ಅದು ಕೆಲವೇ ದಿನಗಳಲ್ಲಿ ಕಾಡಿನಿಂದಿಳಿದು ಉಡುಮಲೈಪೇಟೆಯ ಕಬ್ಬಿನ ಗದ್ದೆಗಳಿಗೆ ನಡೆದು ಬಂದಿತು. ಫೆಬ್ರವರಿಯಲ್ಲಿ ಮತ್ತೆ ಹಿಡಿದು ಪಳಗಿಸಿದರು. ಅಂದು ಕಳ್ಳನೆನಿಸಿದ್ದ ಆನೆಯೇ ಈಗ ಕಳ್ಳನನ್ನು ಹಿಡಿಯುವ ಪೊಲೀಸು!

ಇಷ್ಟನ್ನು ಹುಡುಗನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಈ ಸಿನಿಮಾದಲ್ಲಿ ಇರೋದೇ ಸರಿ ತಾತ. ಇದ್ರಲ್ಲಿ ಯಾರನ್ನೂ ಚೆಂಡೊಳಕ್ಕೆ ಹಾಕಿ ತಂದು ಕಾಡ ಉಳಿಸಲ್ಲ" ಎಂದನು. ಆ ಮಾತಿನಿಂದಲೇ ನಾನು ಚಿತ್ರವನ್ನು ನೋಡಬೇಕೆಂದು ಮನಸ್ಸು ಮಾಡಿದುದು.

ಚಿತ್ರದ ಜಪಾನೀ ಹೆಸರಿನಲ್ಲಿ ಅದರ ಬಾಲಕನ ಹೆಸರೇ ಇದೆ: 'ಕೊಕೊ'. ಇಂಗ್ಲಿಷಿನ ಹೆಸರಿಗೆ 'ಕಾಡಿನ ರಹಸ್ಯಗಳು' ಎಂದು ಅರ್ಥ. ನಿರ್ದೇಶಕರು ತೆತ್ಸುಒ ಯಾಜಿಮಾ. ಈ ಮಾಲೆಯ 23ನೆಯ ಚಿತ್ರವಿದು. 2020ರ ಜುಲೈಯಲ್ಲಿ ಬರಬೇಕಾಗಿದ್ದುದು ಕೊರೋನಾ ಹಾವಳಿಯಿಂದ ಮುಂದೆ ಹೋಗಿ, ಆ ವರ್ಷದ ಡಿಸೆಂಬರ್ 25ರಂದು ಜಪಾನಿನ ಚಿತ್ರಮಂದಿರಗಳಿಗೆ ಬಂದಿತು. ಹೊರದೇಶಗಳಿಗೆ 2021ರ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ತಲಪಿತು.

ಕಥೆ ಇಷ್ಟು: ಓಕೊಯಾ ಎಂಬುದೊಂದು ದಟ್ಟವಾದ ಕಾಡು. ಅದರ ನಡುವಿನ ಪವಿತ್ರ ವೃಕ್ಷವನ್ನು ಜರೂಡ್ ಎಂಬ ವಾನರರೂಪದ ಪ್ರಾಣಿಗಳ ಹಿಂಡೊಂದು ಕಾಯುತ್ತಿದೆ. ಆ ಮರದಲ್ಲಿ ಗಾಯ ಮಾಯಿಸುವ ಶಕ್ತಿಯಿದೆ. ಆದರೆ ಜರೂಡ್‌ಗಳು ಬೇರೆ ಯಾವ ಪ್ರಾಣಿಯನ್ನೂ ಅದರ ಬಳಿ ಸೇರಿಸುವುದಿಲ್ಲ. ಅದೇ ಅವರ ಕಾಡಿನ ಕಟ್ಟಳೆ. ಒಂದು ದಿನ ಅವರಲ್ಲೊಬ್ಬನಿಗೆ ನೀರಿನ ಬಳಿ ಮನುಷ್ಯರ ಕೂಸೊಂದು ಸಿಕ್ಕುತ್ತದೆ. ಅದನ್ನು ಬಿಡಲಾರದೆ ಅವನು ಹಿಂಡನ್ನೇ ಬಿಟ್ಟು, ಅಪ್ಪನಾಗಿ ಅದನ್ನು ಸಾಕುತ್ತಾನೆ. ಅವನೇ ಕೊಕೊ. ತಾನೂ ಜರೂಡನೆಂದೇ ನಂಬಿ ಬೆಳೆಯುವ ಅವನಿಗೆ ಮೈಯಿಂದ ಬಳ್ಳಿಗಳೇಕೆ ಹೊರಡುವುದಿಲ್ಲವೆಂಬುದೊಂದೇ ಚಿಂತೆ. ಹತ್ತು ವರ್ಷಗಳಾದ ಮೇಲೆ ಅವನು ಆಶ್‌ನನ್ನೂ ಪಿಕಾಚುವನ್ನೂ ಸಂಧಿಸಿ, ತಾನು ಮನುಷ್ಯನೆಂದು ಅರಿಯುತ್ತಾನೆ. ಅತ್ತ, ಮರದ ಶಕ್ತಿಯನ್ನು ದೋಚಬೇಕೆಂದಿರುವ ವಿಜ್ಞಾನಿಯೊಬ್ಬನು ಯಂತ್ರಗಳೊಡನೆ ಕಾಡಿಗೆ ನುಗ್ಗುತ್ತಾನೆ. ಕೊಕೊನ ಹೆತ್ತವರ ಸಾವಿಗೆ ಕಾರಣನಾದವನೂ ಅವನೇ. ಅದುವರೆಗೆ ಪರಸ್ಪರ ದೂರವಿದ್ದ ಕಾಡಿನ ಪ್ರಾಣಿಗಳೂ ಜರೂಡ್‌ಗಳೂ ಒಂದಾಗಿ ಎದುರಿಸುತ್ತವೆ. ಸಾಕಿದ ಅಪ್ಪ ಗಾಯಗೊಂಡು ಬಿದ್ದಾಗ, ಜರೂಡ್‌ಗಳಿಗೆ ಮಾತ್ರ ಸಾಧ್ಯವೆನಿಸಿದ್ದ ಕಾಡಿನ ಚಿಕಿತ್ಸೆಯನ್ನು ಆ ಮನುಷ್ಯಬಾಲಕನೇ ಮಾಡಿ ಅವನನ್ನು ಉಳಿಸುತ್ತಾನೆ. ಕೊನೆಗೆ ಮನುಷ್ಯರಿಗೂ ಪ್ರಾಣಿಗಳಿಗೂ ನಡುವೆ ಸೇತುವೆಯಾಗಬೇಕೆಂದು ಅವನು ಕಾಡಿನಿಂದ ಹೊರಡುತ್ತಾನೆ.

ಚಿತ್ರ ನನ್ನ ಮನಸ್ಸನ್ನು ಮುಟ್ಟಿತೆಂದು ಒಪ್ಪಿಕೊಳ್ಳುವೆನು. ಸಾಕಿದವನೇ ತಂದೆ ಎಂಬ ಮಾತನ್ನು ಮಕ್ಕಳಿಗೆ ಅರ್ಥವಾಗುವಂತೆ, ಹಿರಿಯರ ಕಣ್ಣು ತೇವವಾಗುವಂತೆ ಅದು ಹೇಳುತ್ತದೆ. ಮರವನ್ನು ಕಾಯುವವರೇ ಅದನ್ನು ತಮ್ಮ ಸ್ವತ್ತೆಂದು ಭಾವಿಸಿದರೆ ಅವರೂ ಒಂದು ಬಗೆಯ ಅನ್ಯಾಯ ಮಾಡಿದಂತೆಯೇ ಎಂಬ ಸೂಕ್ಷ್ಮವನ್ನೂ ಅದು ಬಿಡುವುದಿಲ್ಲ.

ಎರಡನೆಯ ದಿನ ಮುಂಜಾನೆ ತಂಗಿಯ ಮಗ ಕೆಂಪಾದ ಕಣ್ಣುಗಳೊಡನೆ ಹೊಲದಿಂದ ಮರಳಿ ಕಾಫಿ ಕುಡಿಯುತ್ತಿದ್ದಾಗ, ನಾನು ಉತ್ಸಾಹದಿಂದ ಈ ಕಥೆಯನ್ನು ಅವನಿಗೆ ಹೇಳಿದೆ. ಅವನು ಕೊನೆಯವರೆಗೂ ಕೇಳಿ, ಲೋಟವನ್ನು ಕೆಳಗಿಟ್ಟು ಹೇಳಿದನು:

"ಕತೆ ಚೆನ್ನಾಗದೆ ಮಾವ. ಆದ್ರೆ ಅದ್ರಲ್ಲಿ ಒಬ್ಬ ಕೆಟ್ಟೋನು ಇದ್ದ, ಅವನ್ನ ಓಡಿಸಿದ್ರು, ಸರಿಹೋಯ್ತು. ಇಲ್ಲಿ ಕೆಟ್ಟೋನು ಯಾರು ಹೇಳಿ? ಆನೆಗೆ ಹೊಟ್ಟೆ ಹಸಿವು. ನಂಗೆ ಸಾಲ. ರಾತ್ರಿ ಎದುರಾಬದುರು ನಿಂತ್ಕತೀವಿ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಜಪಾನಿನ ಚಿತ್ರಕಾರರ ಬಳಿಯೂ ಇರಲಾರದು. ಸತ್ಯಮಂಗಲದ ಕಾಡು 2008ರಲ್ಲಿ ವನ್ಯಧಾಮವಾಗಿ, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 1,400 ಚದರ ಕಿಲೋಮೀಟರಿಗೂ ಮಿಕ್ಕ ಈ ಕಾಡು ಅತ್ತ ಬಿಳಿಗಿರಿರಂಗನ ಬೆಟ್ಟಕ್ಕೂ ಇತ್ತ ಬಂಡೀಪುರ, ಮುದುಮಲೆಗಳಿಗೂ ಹೊಂದಿಕೊಂಡಿದೆ. ಕಾಡನ್ನು ಉಳಿಸಿದುದು ಒಳ್ಳೆಯದೇ. ಮುಂದಿನ ತಲೆಮಾರಿನವರು ಅದಕ್ಕಾಗಿ ಕೃತಜ್ಞರಾಗಿರುತ್ತಾರೆ. ಆದರೆ ಉಳಿಸಿದುದರ ಬೆಲೆಯನ್ನು ನಿತ್ಯ ತೆರುವವನು ಕಾಡಂಚಿನ ನಾಲ್ಕು ಎಕರೆಯ ರೈತ. ನಗರದಲ್ಲಿ ಕುಳಿತು ಆನೆಯ ಚಿತ್ರಕ್ಕೆ ಮರುಗುವವರು ಈ ಅಟ್ಟಣೆಯ ಮೇಲೆ ಒಂದು ರಾತ್ರಿ ಕಳೆಯಬೇಕು.

ಅದೇ ಸಮಯದಲ್ಲಿ ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. 2023ರ ಮಾರ್ಚ್‌ನಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ, ಹೊಲವೊಂದಕ್ಕೆ ಅಕ್ರಮವಾಗಿ ಹಾಯಿಸಿದ್ದ ವಿದ್ಯುತ್ ತಂತಿ ತಗುಲಿ ಮೂರು ಹೆಣ್ಣಾನೆಗಳು ಸತ್ತುವು. ಜೊತೆಯಲ್ಲಿದ್ದ ಎರಡು ಮರಿಗಳು ಬದುಕಿ ಉಳಿದು, ಸತ್ತವರ ಸುತ್ತಲೇ ಸುಳಿದಾಡುತ್ತಿದ್ದುವು. ಕಾಡಿನ ಜೀವಿಯೊಂದು ಮನುಷ್ಯರ ತಬ್ಬಲಿ ಕೂಸನ್ನು ಎತ್ತಿಕೊಂಡ ಕಥೆಯನ್ನು ನೋಡಿ ನಮ್ಮ ಮಕ್ಕಳು ಕಣ್ಣೀರಿಡುತ್ತಾರೆ. ಕಾಡಿನ ಮರಿಗಳನ್ನು ನಾವೇ ತಬ್ಬಲಿ ಮಾಡಿದ ಸುದ್ದಿಯನ್ನು ಅವರಿಗೆ ಯಾರು ಹೇಳಬೇಕು? ಇದನ್ನು ಹೇಳಿದಾಗ ನನ್ನ ಸೋದರಳಿಯ, "ನಾ ಕರೆಂಟ್ ಬುಟ್ಟಿಲ್ಲ ಮಾವ, ಬುಡೋದೂ ಇಲ್ಲ. ಅದುಕ್ಕೇ ನಿದ್ದೆ ಕೆಡ್ತಾ ಇರೋದು" ಎಂದನು. ತಂತಿಗೆ ಕರೆಂಟು ಕೊಟ್ಟು ಮನೆಯಲ್ಲಿ ಮಲಗುವುದು ಸುಲಭ. ಎದ್ದು ಕೂರುವುದು ಕಷ್ಟ. ಅವನು ಆರಿಸಿಕೊಂಡುದು ಕಷ್ಟದ ದಾರಿಯನ್ನು. ಚಿತ್ರದಲ್ಲಿ ಹಿಂಡು ಬಿಟ್ಟು ಬಂದ ಆ ಜರೂಡನು ಮಾಡಿದುದೂ ಇದನ್ನೇ ಅಲ್ಲವೇ?

ಇನ್ನು ನಮ್ಮ ಗಡಿನಾಡಿನ ಮಕ್ಕಳಿಗೆ ಈ ಚಿತ್ರ ವಿಶೇಷವಾಗಿ ಹತ್ತಿರವಾಗುವ ಇನ್ನೊಂದು ಕಾರಣವಿದೆ. ಹುಡುಗ ಪೋಕೆಮಾನ್ ಧಾರಾವಾಹಿಯನ್ನು ಟಿ.ವಿ.ಯಲ್ಲಿ ಕೇಳಿ ಬೆಳೆದುದು ತಮಿಳಿನಲ್ಲಿ. ಈ ಚಿತ್ರವನ್ನು ನೋಡಿದುದು ಇಂಗ್ಲಿಷಿನಲ್ಲಿ. ಅಜ್ಜಿಗೆ ಹೇಳಿದುದು ತಿಗನಾರೆಯ ಕನ್ನಡದಲ್ಲಿ. ಜಪಾನಿನಲ್ಲಿ ಹುಟ್ಟಿದ ಕಥೆಯೊಂದು ಹೀಗೆ ಭಾಷೆಯಿಂದ ಭಾಷೆಗೆ ದಾಟಿ, ರಾಗಿ ಬೀಸುವ ಕಲ್ಲಿನ ಪಕ್ಕದಲ್ಲಿ ಕುಳಿತಿದ್ದ ಅಕ್ಷರ ಬಾರದ ಮುದುಕಿಯೊಬ್ಬಳಿಗೆ ತಲಪಿತು. ನನ್ನ ತಂಗಿ ಎಲ್ಲವನ್ನೂ ಕೇಳಿ, "ಸಾಕಿದ ಮೇಲೆ ಮುಗೀತು, ಅದು ಅವನ ಮಗನೇ ಕಣಣ್ಣ" ಎಂದು ತೀರ್ಪು ಕೊಟ್ಟಳು. ಪಿಕಾಚು ಮಾತ್ರ ಯಾವ ಭಾಷೆಗೂ ಬದಲಾಗದೆ ತನ್ನ ಹೆಸರನ್ನೇ ಮಾತಾಗಿ ಆಡುತ್ತದೆ. ಇಕುಎ ಒತಾನಿ ಎಂಬ ಜಪಾನೀ ಕಲಾವಿದೆಯ ದನಿ ಅದು. ಅದೊಂದಕ್ಕೆ ಅನುವಾದ ಬೇಕಾಗಲಿಲ್ಲ.

ಕೊಕೊ ಕಾಡಿನ ಭಾಷೆಯನ್ನು ಬಲ್ಲ. ಮನುಷ್ಯರ ಭಾಷೆ ಅವನಿಗೆ ಮೊದಲಿಗೆ ತಿಳಿಯದು. ಊರಿನಲ್ಲಿ ಅವನು ವಿಚಿತ್ರನಾಗಿ ಕಾಣುತ್ತಾನೆ. ಜರೂಡ್‌ಗಳ ಹಿಂಡಿನಲ್ಲಿಯೂ ಹೊರಗಿನವನೇ. ನಮ್ಮ ಮಕ್ಕಳ ಪಾಡು ಇದಕ್ಕಿಂತ ಬೇರೆಯೇ? 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ತಾಳವಾಡಿ ಅಲ್ಲಿಯೇ ಉಳಿಯಿತು, ಮುಂದೆ ಈರೋಡು ಜಿಲ್ಲೆಗೆ ಸೇರಿತು. ಅಂದಿನಿಂದ ಈರೋಡಿಗೆ ಹೋದರೆ ನಾವು ಕನ್ನಡದವರು, ಚಾಮರಾಜನಗರಕ್ಕೆ ಹೋದರೆ ತಮಿಳುನಾಡಿನವರು. ಎರಡು ಕಡೆಯೂ ಅರೆ ಎಂದು ಕೊರಗುವುದು ನಮ್ಮ ತಲೆಮಾರಿನವರಿಗೆ ಅಭ್ಯಾಸವಾಗಿ ಹೋಗಿದೆ. ಕೊಕೊ ಹಾಗೆ ಕೊರಗುತ್ತ ಉಳಿಯಲಿಲ್ಲ. ಎರಡು ಕಡೆಯ ಮಾತನ್ನೂ ಕೇಳಬಲ್ಲವನು ತಾನೊಬ್ಬನೇ ಎಂದು ತಿಳಿದು, ಅದನ್ನೇ ತನ್ನ ಕೆಲಸವಾಗಿಸಿಕೊಂಡನು. ಮೂರು ಭಾಷೆಗಳನ್ನು ದಾಟಿಸಿ ಅಜ್ಜಿಗೆ ಕಥೆ ಹೇಳಿದ ಹುಡುಗನಿಗೆ ಇದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಆದರೆ ಕಥೆ ಹೇಳುವುದಕ್ಕೆ ಅಜ್ಜಿಯ ಕನ್ನಡ ಅವನ ನಾಲಿಗೆಯಲ್ಲಿ ಉಳಿದಿರಬೇಕು. ಅದನ್ನು ಉಳಿಸುವ ಹೊಣೆ ಮನೆಯದು.

ಈ ಅಂಕಣದ ತಾಯಂದಿರು ಕೇಳಬಹುದು: ಇಂತಹ ಚಿತ್ರಗಳನ್ನು ಮಕ್ಕಳಿಗೆ ತೋರಿಸಬಹುದೇ? ನೋಡಲಿ, ಆದರೆ ಹದವಿರಲಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಇದೇ ಧಾರಾವಾಹಿಯ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಅತಿವೇಗವಾಗಿ ಮಿಂಚಿದುದರಿಂದ 600ಕ್ಕೂ ಹೆಚ್ಚು ಮಕ್ಕಳು ತಲೆಸುತ್ತು, ಸೆಳವುಗಳಿಂದ ಆಸ್ಪತ್ರೆ ಸೇರಿದರು. ಧಾರಾವಾಹಿಯನ್ನು ನಾಲ್ಕು ತಿಂಗಳ ಕಾಲ ನಿಲ್ಲಿಸಿ, ಅನಂತರ ಎಚ್ಚರಿಕೆಯ ನಿಯಮಗಳನ್ನು ಮಾಡಿಕೊಂಡರು. ಆದುದರಿಂದ ಮಕ್ಕಳು ಕತ್ತಲೆಯಲ್ಲಿ ಪರದೆಗೆ ಮೂಗು ತಾಗಿಸಿ ಕೂರದಂತೆ ನೋಡಿಕೊಳ್ಳಿರಿ. ದೀಪ ಉರಿಯುತ್ತಿರಲಿ, ಪರದೆ ದೂರವಿರಲಿ. ಅದಕ್ಕಿಂತ ಮುಖ್ಯವಾಗಿ, ಒಂದು ಸಲವಾದರೂ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಮಕ್ಕಳು ಕೇಳುವ ಪ್ರಶ್ನೆ ಮೊಬೈಲಿಗಲ್ಲ, ಮನೆಯವರಿಗೆ.

ಆನೆಯನ್ನು ಚೆಂಡಿನೊಳಗೆ ಹಾಕಬಹುದೇ ಎಂಬ ಪ್ರಶ್ನೆಗೆ ನಾನು ಕೊಟ್ಟ ಉತ್ತರವಿಷ್ಟು: ಹಾಕಿದ್ದರು ಮಗು, ಒಂದನ್ನು ಹಾಕಿದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ, ಹಸಿವು ಮಾತ್ರ ಚೆಂಡಿನೊಳಗೆ ಹಿಡಿಸುವುದಿಲ್ಲ. ಅವನಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ನಾನು ಹೊರಡುವ ಹಿಂದಿನ ರಾತ್ರಿ ಅಪ್ಪನ ಟಾರ್ಚಿಗೆ ಹೊಸ ಸೆಲ್ಲುಗಳನ್ನು ಅವನೇ ಹಾಕಿ, ಉರಿಸಿ ನೋಡಿ, "ಅಪ್ಪಾ, ದೂರದಿಂದ್ಲೇ ಬೆಳಕು ಬುಡು, ಹತ್ರಕ್ಕೆ ಹೋಗ್ಬೇಡ. ಅದೂ ಹೆದ್ರಿರ್ತದೆ" ಎಂದು ಹೇಳಿ ಕೊಟ್ಟನು. ಸೋದರಳಿಯ ಅವನ ತಲೆ ಸವರಿ ಹೊಲದ ಕಡೆಗೆ ನಡೆದನು.